ಬೆಂಗಳೂರು ಫುಟ್‌ಬಾಲ್‌ನ ಏಣಿ: ‘ಸಿ’ ಡಿವಿಷನ್‌ನಿಂದ ಐಎಸ್‌ಎಲ್‌ವರೆಗೆ ಮೆಟ್ಟಿಲು ಮುರಿದದ್ದು ಎಲ್ಲೆಲ್ಲಿ?

ಶನಿವಾರ ರಾತ್ರಿ ಹತ್ತರ ಮೇಲೆ ಕತ್ರಿಗುಪ್ಪೆಯಿಂದ ರಿಂಗ್ ರೋಡ್ ಹಿಡಿದು ಹೊರಡಿ. ಬಲೆ ಕಟ್ಟಿದ ಟರ್ಫ್‌ಗಳಲ್ಲಿ ಫ್ಲಡ್‌ಲೈಟ್ ಉರೀತಿರುತ್ತೆ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಹತ್ತು ಹನ್ನೆರಡು ಜನ ಹಣ ಹಂಚಿಕೊಂಡು, ಫೋನಲ್ಲೇ ಪೇ ಮಾಡಿ ಒಳಗೆ ಹೋಗ್ತಾರೆ. ಬೆನ್ನ ಮೇಲೆ ಸಿಟಿ, ಆರ್ಸೆನಲ್, ಬಾರ್ಸಾ. ಅವರಲ್ಲಿ ಒಬ್ಬನನ್ನು ನಿಲ್ಲಿಸಿ ಲೂಟನ್ ಟೌನ್ ಕಥೆ ಕೇಳಿ. ಇಂಗ್ಲೆಂಡಿನ ಐದನೇ ದರ್ಜೆಯಿಂದ 2014ರಲ್ಲಿ ಮೇಲೆ ಬಂತು, 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು, ಮರುವರ್ಷ ಕೆಳಗಿಳಿಯಿತು, ಅದರ ಮರುವರ್ಷ ಇನ್ನೂ ಒಂದು ಮೆಟ್ಟಿಲು ಜಾರಿತು ಅಂತ ಒಂದೇ ಉಸಿರಲ್ಲಿ ಹೇಳ್ತಾನೆ.

ಈಗ ಅವನನ್ನೇ ಇನ್ನೊಂದು ಪ್ರಶ್ನೆ ಕೇಳಿ: ಬೆಂಗಳೂರು ‘ಎ’ ಡಿವಿಷನ್‌ನಲ್ಲಿ ಆಡೋ ಒಂದು ತಂಡದ ಹೆಸರು ಹೇಳಪ್ಪಾ. ಬಹಳ ಮಟ್ಟಿಗೆ ಮೌನ.

ಅವನ ತಪ್ಪೇನಿಲ್ಲ. ಇಂಜಿನಿಯರಿಂಗ್ ಮುಗಿಸುವ ತನಕ ನನಗೂ ಗೊತ್ತಿರಲಿಲ್ಲ. ಆದರೆ ಈ ಊರಿನಲ್ಲಿ ಲೂಟನ್ನಿನಂಥದ್ದೇ ಏಣಿ ಒಂದಿದೆ. ಸೂಪರ್ ಡಿವಿಷನ್, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳು. ಈ ಏಣಿ ಹತ್ತಿದವರು ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದಿದ್ದಾರೆ, ಕಲ್ಕತ್ತಾದ ದೊಡ್ಡ ಕ್ಲಬ್‌ಗಳನ್ನು ಗೆಲ್ಲಿಸಿದ್ದಾರೆ. ಇವತ್ತು ಅದರ ಕೆಳಗಿನ ಮೆಟ್ಟಿಲು ಸವೆದಿದೆ, ಮೇಲಿನ ಬಾಗಿಲಿಗೆ ವರ್ಷಗಟ್ಟಲೆ ಬೀಗ ಬಿದ್ದಿತ್ತು. ಇದು ಯಾಕಾಯ್ತು, ಹೇಗಾಯ್ತು, ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನೋದನ್ನು ಒಂದೇ ಕಡೆ ಸಿಗುವಂತೆ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲಿಗೆ, ಡಿವಿಷನ್ ಅಂದ್ರೆ ಏನು?

ಒಂದು ಊರಲ್ಲಿ ನೂರು ತಂಡ ಇವೆ ಅಂದುಕೊಳ್ಳಿ. ಎಲ್ಲರೂ ಎಲ್ಲರ ಜೊತೆ ಆಡೋಕೆ ದಿನ ಸಾಲಲ್ಲ, ಮೈದಾನ ಸಾಲಲ್ಲ. ಹಾಗಾಗಿ ತಂಡಗಳನ್ನು ದರ್ಜೆಗಳಾಗಿ ವಿಂಗಡಿಸ್ತಾರೆ. ಒಂದೊಂದು ದರ್ಜೆಯಲ್ಲಿ ಮೇಲೆ ಬಂದವರಿಗೆ ಮುಂದಿನ ವರ್ಷ ಮೇಲಿನ ದರ್ಜೆ, ಕೊನೆಗೆ ಉಳಿದವರಿಗೆ ಕೆಳಗಿನ ದರ್ಜೆ. ಸರ್ಕಾರಿ ಕಚೇರಿಯ ಭಾಷೆಯಲ್ಲಿ ಹೇಳೋದಾದ್ರೆ ಬಡ್ತಿ ಮತ್ತು ಹಿಂಬಡ್ತಿ. ಫುಟ್‌ಬಾಲ್‌ನಲ್ಲಿ ಪ್ರಮೋಷನ್, ರೆಲಿಗೇಷನ್.

ಇದು ಇಂಗ್ಲೆಂಡಿನಿಂದ ಬಂದ ವ್ಯವಸ್ಥೆ. 1888ರಲ್ಲಿ 12 ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಶುರು ಮಾಡಿದವು. 1892ಕ್ಕೆ ಎರಡನೇ ಡಿವಿಷನ್ ಬಂತು, 1920ಕ್ಕೆ ಮೂರನೆಯದು, 1958ಕ್ಕೆ ನಾಲ್ಕನೆಯದು. ಆದರೆ ಬಹಳ ಜನ ಮರೆಯುವ ಒಂದು ಸಂಗತಿ ಇದೆ. ಈ ನಾಲ್ಕು ದರ್ಜೆಯ ಒಳಗೆ ಹೊಸಬರು ಬರಬೇಕಾದರೆ ಆಟದಲ್ಲಿ ಗೆದ್ದರೆ ಸಾಕಾಗುತ್ತಿರಲಿಲ್ಲ. ಒಳಗಿದ್ದ ಕ್ಲಬ್‌ಗಳು ವೋಟು ಹಾಕಬೇಕಿತ್ತು. ಸಹಜವಾಗಿಯೇ ಒಳಗಿದ್ದವರು ಒಳಗಿದ್ದವರನ್ನೇ ಹೆಚ್ಚು ಉಳಿಸಿಕೊಳ್ಳುತ್ತಿದ್ದರು. ಹೊರಗಿನ ಲೀಗಿನ ಚಾಂಪಿಯನ್‌ಗೆ ನೇರ ಪ್ರವೇಶ ಸಿಕ್ಕಿದ್ದು 1987ರಲ್ಲಿ. ಅಂದರೆ ಅಲ್ಲೂ ಸುಮಾರು ನೂರು ವರ್ಷ ಹಿಡೀತು. ‘ಯುರೋಪಲ್ಲಿ ಮೊದಲಿಂದಲೂ ಹಾಗೇ, ನಮ್ಮಲ್ಲಿ ಆಗಲ್ಲ ಬಿಡಿ’ ಅನ್ನೋರಿಗೆ ಈ ಇಸವಿ ನೆನಪಿಸಿ.

ಡಿವಿಷನ್‌ಗಳ ರಾಜಕೀಯ ನಮ್ಮ ದೇಶದಲ್ಲೂ ಹಳೆಯದೇ. ಮೋಹನ್ ಬಾಗಾನ್ 1911ರಲ್ಲಿ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿದ್ದನ್ನು ಎಲ್ಲರೂ ಓದಿರ್ತೀವಿ. ಆದರೆ ಆಮೇಲೂ ಕಲ್ಕತ್ತಾ ಲೀಗಿನ ಮೊದಲ ಡಿವಿಷನ್‌ನಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡ ಇರಬಾರದು ಅನ್ನೋ ಕಟ್ಟು ಇತ್ತು. ಉಳಿದವರು ಎಷ್ಟೇ ಗೆದ್ದರೂ ಎರಡನೇ ಡಿವಿಷನ್‌ನಲ್ಲೇ. ಆ ಕಟ್ಟು ಸಡಿಲವಾದ ಮೇಲೇ 1925ರಲ್ಲಿ ಈಸ್ಟ್ ಬೆಂಗಾಲ್ ಮೇಲಕ್ಕೆ ಬಂತು. 1934ರಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್ ಬಡ್ತಿ ಪಡೆದು ಬಂದ ಮೊದಲ ವರ್ಷವೇ ಲೀಗ್ ಗೆದ್ದಿತು. ಆ ಪಟ್ಟ ಗೆದ್ದ ಮೊದಲ ಭಾರತೀಯ ಕ್ಲಬ್ ಅದು. ಆ ವರ್ಷವೂ ಸೇರಿ ಸತತ ಐದು ವರ್ಷ ಅದೇ ಚಾಂಪಿಯನ್. ಬಾಗಿಲು ತೆರೆದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ. ಆ ಕಾಲದ ಮೊಹಮ್ಮದನ್ ತಂಡದಲ್ಲಿ ಬೆಂಗಳೂರಿನ ಆಟಗಾರರೂ ಇದ್ದರು. ಅವರು ಬಂದದ್ದು ಎಲ್ಲಿಂದ?

ದಂಡು: ಆಟ ಹುಟ್ಟಿದ ಕಡೆ

ಬೆಂಗಳೂರು ಬಹಳ ಕಾಲ ಎರಡು ಊರು. ಒಂದು ಪೇಟೆ, ಇನ್ನೊಂದು ದಂಡು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಇಲ್ಲಿಗೆ ತಂದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ವಾಪಸ್ ಹೋದಾಗಲೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ.

ಸೇನೆ ಇದ್ದ ಕಡೆ ಪೆರೇಡ್ ಮೈದಾನ ಇತ್ತು, ಮೈದಾನ ಇದ್ದ ಕಡೆ ಫುಟ್‌ಬಾಲ್ ಇತ್ತು. ರೆಜಿಮೆಂಟ್‌ಗಳಿಗೆ ಅಡುಗೆ ಮಾಡೋರು, ಕುದುರೆ ನೋಡಿಕೊಳ್ಳೋರು, ಬಟ್ಟೆ ಹೊಲಿಯೋರು, ಕಟ್ಟಡ ಕಟ್ಟೋರು ಸುತ್ತಮುತ್ತ ನೆಲೆಸಿದರು. ಹೆಚ್ಚಿನವರು ತಮಿಳು, ಉರ್ದು, ತೆಲುಗು ಮಾತಾಡುವ ದುಡಿಯುವ ಜನ. ಅವರ ಮಕ್ಕಳು ಸೈನಿಕರ ಆಟ ನೋಡಿ ಕಲಿತರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರ, ನೀಲಸಂದ್ರ – ಊರಿನ ಫುಟ್‌ಬಾಲ್ ನಕ್ಷೆ ಇವತ್ತಿಗೂ ಹೆಚ್ಚೂಕಮ್ಮಿ ಇದೇ. ಗೌತಮಪುರಕ್ಕೆ ಹೋದರೆ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಒಂದು ಬಡಾವಣೆ ತನ್ನ ದೊಡ್ಡವರು ಯಾರು ಅಂತ ತಾನೇ ಆರಿಸಿಕೊಂಡು ನಿಲ್ಲಿಸಿದ ಸಾಲು ಅದು.

ಈ ಕಡೆಯಿಂದ ಬಂದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯ ತನಕ ಅದು ಬ್ರಿಟಿಷ್ ಸೇನಾ ತಂಡಗಳ ಕಪ್. ಅದನ್ನೆತ್ತಿದ ಮೊದಲ ಭಾರತೀಯ ತಂಡ ನಮ್ಮ ಊರಿನದು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಇನ್ನೊಮ್ಮೆ ಗೆದ್ದರು.

ಅದೇ 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈತಪ್ಪಿ, 1-2ರಿಂದ ಸೋತೆವು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಕೂಡ ಇಲ್ಲಿಯವರೇ. ಮುಂದೆ ಈ ಇಬ್ಬರೂ ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿನ ಪ್ರಸಿದ್ಧ ‘ಪಂಚ ಪಾಂಡವ’ ಮುನ್ಪಡೆಯಲ್ಲಿ ಆಡಿದರು. 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಬೆಂಗಳೂರಿನವರು.

ಸಂತೋಷ್ ಟ್ರೋಫಿ ಲೆಕ್ಕ ನೋಡಿ. ಮೈಸೂರು 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಆ ಕಾಲಕ್ಕೆ ಇದು ದೇಶದ ದೊಡ್ಡ ಫುಟ್‌ಬಾಲ್ ಶಕ್ತಿಗಳಲ್ಲಿ ಒಂದು.

ಕಾರ್ಖಾನೆ: ಏಣಿಗೆ ಸಂಬಳ ಕೊಟ್ಟವರು

ಇಲ್ಲಿ ಒಂದು ಪ್ರಾಕ್ಟಿಕಲ್ ಪ್ರಶ್ನೆ. ಬಡ ಮನೆಯ ಹುಡುಗ, ಚೆನ್ನಾಗಿ ಆಡ್ತಾನೆ. ಇಪ್ಪತ್ತೊಂದು ವಯಸ್ಸಿಗೆ ಮನೆ ನಡೆಸೋ ಹೊಣೆ ಬೀಳುತ್ತೆ. ಆಗ ಆಟ ಯಾಕೆ ಮುಂದುವರಿಸಬೇಕು?

ಬೆಂಗಳೂರಿನಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದು ಸಾರ್ವಜನಿಕ ಉದ್ದಿಮೆಗಳು. ಎಚ್‌ಎಎಲ್ 1940ರಲ್ಲಿ ಶುರುವಾಯಿತು, ಐಟಿಐ 1948ರಲ್ಲಿ, ಬಿಇಎಲ್ 1954ರಲ್ಲಿ, ಬಿಇಎಂಎಲ್ 1964ರಲ್ಲಿ. ಕಾರ್ಖಾನೆ ಅಂದ್ರೆ ಬರೀ ಶೆಡ್ ಅಲ್ಲ. ಟೌನ್‌ಶಿಪ್, ಆಸ್ಪತ್ರೆ, ಶಾಲೆ, ಜೊತೆಗೊಂದು ಆಟದ ಮೈದಾನ. ಸ್ಪೋರ್ಟ್ಸ್ ಕೋಟಾದಲ್ಲಿ ಆಟಗಾರರಿಗೆ ಕೆಲಸ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ಮ್ಯಾಚ್ ಇದ್ದ ದಿನ ಸ್ಪೆಷಲ್ ಲೀವ್. ಮೂವತ್ತೈದಕ್ಕೆ ಮಂಡಿ ಕೈಕೊಟ್ಟರೂ ಐವತ್ತೆಂಟರ ತನಕ ಸಂಬಳ, ಆಮೇಲೆ ಪಿಎಫ್.

ಐಟಿಐ, ಎಚ್‌ಎಎಲ್ ಜೊತೆಗೆ ಸೇನೆಯ ಎಂಇಜಿ, ಎಎಸ್‌ಸಿ, ರಕ್ಷಣಾ ಸಂಶೋಧನೆಯ ಎಲ್‌ಆರ್‌ಡಿಇ, ಎಡಿಇ, ತಪಾಸಣಾ ಇಲಾಖೆಯ ಸಿಐಎಲ್, ಅಕೌಂಟೆಂಟ್ ಜನರಲ್ ಕಚೇರಿಯ ಎಜಿಒಆರ್‌ಸಿ, ಯಲಹಂಕದ ರೈಲು ಗಾಲಿ ಕಾರ್ಖಾನೆಯ ಆರ್‌ಡಬ್ಲ್ಯುಎಫ್ – ಬೆಂಗಳೂರು ಲೀಗಿನ ತಂಡಗಳ ಪಟ್ಟಿ ಓದಿದರೆ ಸಾರ್ವಜನಿಕ ಉದ್ಯೋಗದ ಇತಿಹಾಸ ಓದಿದ ಹಾಗೆ.

ಇದರ ಜೊತೆ ಸೇರಿದ್ದು ಬಡಾವಣೆಯ ಕ್ಲಬ್‌ಗಳು. ಒಂದು ಗಲ್ಲಿ, ಒಬ್ಬ ಮೇಷ್ಟ್ರು ಅಥವಾ ಹಳೇ ಆಟಗಾರ, ಒಂದು ಚೀಲ ಚೆಂಡು. ಇವು ಸಿ ಡಿವಿಷನ್‌ನಲ್ಲಿ ಹೆಸರು ನೋಂದಾಯಿಸಿ ಶುರು ಮಾಡ್ತವೆ. ಅಲ್ಲಿ ಮಿಂಚಿದವನ ಮೇಲೆ ಮೇಲಿನ ಡಿವಿಷನ್‌ನ ಕಾರ್ಖಾನೆ ತಂಡದ ಕೋಚ್ ಕಣ್ಣು ಬೀಳುತ್ತೆ. ಬಡಾವಣೆ ಕ್ಲಬ್ ಹುಡುಗನನ್ನು ಹುಡುಕಿಕೊಡುತ್ತೆ, ಕಾರ್ಖಾನೆ ಕೆಲಸ ಕೊಡುತ್ತೆ, ರಾಜ್ಯ ತಂಡ ಹೆಸರು ಕೊಡುತ್ತೆ. ಏಣಿ ನಿಂತಿದ್ದು ಹೀಗೆ.

ಇಂಜಿನಿಯರಿಂಗ್ ಓದಿದವನ ಚಟ ಬಿಡಲ್ಲ ನೋಡಿ, ಯಾವ ಸಿಸ್ಟಂ ಕಂಡರೂ ಇದಕ್ಕೆ ಇನ್‌ಪುಟ್ ಏನೇನು ಅಂತ ಕೇಳ್ತೀನಿ. ಇಲ್ಲಿ ಮೂರೇ ಮೂರು: ಆಡೋಕೆ ಜಾಗ, ಬದುಕೋಕೆ ಕೆಲಸ, ಗೆದ್ದರೆ ಮೇಲೆ ಹೋಗ್ತೀವಿ ಅನ್ನೋ ನಿಯಮ. ಮುಂದಿನ ಕಥೆ ಈ ಮೂರೂ ಒಂದೊಂದಾಗಿ ಕೈತಪ್ಪಿದ್ದು.

1991ರಿಂದ 2013: ಕೆಲಸ ಹೋಯಿತು

ಆರ್ಥಿಕ ಉದಾರೀಕರಣದ ನಂತರ ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿ ಕುಗ್ಗಿತು. ದೂರವಾಣಿನಗರದ ಐಟಿಐ ಟೆಲಿಫೋನ್ ಮಾಡುತ್ತಿದ್ದ ಸಂಸ್ಥೆ. ಖಾಸಗಿ ಟೆಲಿಕಾಂ ಬಂದ ಮೇಲೆ ಅದರ ಗತಿ ಏನಾಯ್ತು ಅಂತ ನಿಮಗೆ ಗೊತ್ತು. ನಷ್ಟದ ಕಾರ್ಖಾನೆ ಮೊದಲು ನಿಲ್ಲಿಸೋ ಖರ್ಚುಗಳಲ್ಲಿ ಫುಟ್‌ಬಾಲ್ ತಂಡವೂ ಒಂದು. ಕೋಟಾದಲ್ಲಿ ಹೊಸ ಹುಡುಗರು ಬರದಿದ್ದರೆ ತಂಡಕ್ಕೆ ವಯಸ್ಸಾಗುತ್ತೆ, ಅಷ್ಟೇ.

ಅದೇ ಹೊತ್ತಿಗೆ, 1996ರಲ್ಲಿ, ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಯಿತು. ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ, ಅದೂ ಒಂದು ಮಿಲ್ಲಿನ ತಂಡ. ಆ ತಂಡದಲ್ಲಿ ಆಡಿದ್ದರು ನಮ್ಮ ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್‌ಮನ್. ಬೆಂಗಳೂರಿನ ಐಟಿಐ, ಎಚ್‌ಎಎಲ್ ಕೂಡ ರಾಷ್ಟ್ರೀಯ ಲೀಗ್ ಆಡಿದವು. 2007ರಲ್ಲಿ ಲೀಗಿನ ಹೆಸರು ಐ-ಲೀಗ್ ಆಯಿತು. ಎಚ್‌ಎಎಲ್ ಎರಡನೇ ಡಿವಿಷನ್‌ನಿಂದ ಬಡ್ತಿ ಪಡೆದು 2010-11ರಲ್ಲಿ ಐ-ಲೀಗ್‌ಗೆ ಬಂತು, ಮರು ಸೀಸನ್ ಮುಗಿದಾಗ ಕೆಳಗಿಳಿಯಿತು. ಆಟದಲ್ಲಿ ಸೋತು ಇಳಿದರೆ ತಕರಾರಿಲ್ಲ, ಮತ್ತೆ ಹತ್ತಬಹುದು.

ತಕರಾರು ಇರೋದು 2013ರ ಬಗ್ಗೆ. ಆ ವರ್ಷ ನಡೆದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಒಂದು: ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಐ-ಲೀಗ್‌ನಿಂದ ಕೈಬಿಟ್ಟರು. ಕಾರಣ ಕ್ಲಬ್ ಲೈಸೆನ್ಸಿಂಗ್. ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಪ್ರಕಾರ ಕ್ಲಬ್ ಅಂದ್ರೆ ಅದಕ್ಕೇ ಒಂದು ಸ್ವಂತ ಕಾನೂನು ಅಸ್ತಿತ್ವ, ಯುವ ತಂಡಗಳು, ಲೆಕ್ಕಪತ್ರ ಎಲ್ಲ ಇರಬೇಕು. ಒಂದು ಕಂಪನಿಯ ವಿಭಾಗವಾಗಿ ನಡೆಯೋ ತಂಡ ಇದಕ್ಕೆ ಹೊಂದಲ್ಲ.

ಎರಡು: ಹೊಸ ಕಾರ್ಪೊರೇಟ್ ತಂಡಗಳಿಗೆ ನೇರ ಪ್ರವೇಶಕ್ಕೆ ಬಿಡ್ ಕರೆದರು. ಜೆಎಸ್‌ಡಬ್ಲ್ಯು ಸಮೂಹ ಗೆದ್ದು ಬೆಂಗಳೂರು ಎಫ್‌ಸಿ ಕಟ್ಟಿತು. ಸಿ ಡಿವಿಷನ್ ಇಲ್ಲ, ಸೂಪರ್ ಡಿವಿಷನ್ ಇಲ್ಲ, ನೇರ ಮೇಲಿನ ಮಹಡಿಗೆ ಲಿಫ್ಟ್.

ನಾನು ಬಿಎಫ್‌ಸಿ ವಿರೋಧಿ ಅಲ್ಲ, ಕಂಠೀರವದಲ್ಲಿ ಗಂಟಲು ಹರಿಯೋ ತನಕ ಕೂಗಿದವನೇ. 2013-14ರ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು, 2015-16ರಲ್ಲಿ ಮತ್ತೆ ಗೆದ್ದರು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತನಕ ಹೋದರು, 2018-19ರಲ್ಲಿ ಐಎಸ್‌ಎಲ್ ಗೆದ್ದರು. ಚೆನ್ನಾಗಿ ನಡೆದ ಕ್ಲಬ್ ಅದು, ನಗರದ ಪಶ್ಚಿಮ-ದಕ್ಷಿಣದ ಹುಡುಗರಿಗೂ ಫುಟ್‌ಬಾಲ್ ಹುಚ್ಚು ಹಿಡಿಸಿತು. ಪ್ರಶ್ನೆ ಇರೋದು ನಿಯಮದ ಬಗ್ಗೆ. ಲೈಸೆನ್ಸಿಂಗ್ ಬೇಕು ನಿಜ. ಆದರೆ ಹಳೇ ತಂಡಗಳು ಆ ಮಾನದಂಡ ಮುಟ್ಟುವಂತೆ ಕೈಹಿಡಿಯೋ ದಾರಿ ಹುಡುಕಲಿಲ್ಲ, ಹಣ ಇದ್ದವರಿಗೆ ಲಿಫ್ಟ್ ಹಾಕಿಕೊಟ್ಟರು.

2014ರ ನಂತರ: ಬಾಗಿಲಿಗೆ ಬೀಗ

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂತು. ಫ್ರಾಂಚೈಸಿ ಮಾದರಿ, ಐಪಿಎಲ್ ಥರ. ಸೀಟು ಕೊಂಡುಕೊಂಡವರು ಒಳಗೆ, ಉಳಿದವರು ಹೊರಗೆ, ಕೊನೆ ಸ್ಥಾನ ಬಂದರೂ ಕೆಳಗಿಳಿಯೋ ಮಾತಿಲ್ಲ. ಲೀಗಿನ ಹಿಂದೆ 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಮಾಡಿಕೊಂಡಿದ್ದ 15 ವರ್ಷದ, 700 ಕೋಟಿ ರೂಪಾಯಿಯ ವಾಣಿಜ್ಯ ಹಕ್ಕಿನ ಒಪ್ಪಂದ ಇತ್ತು.

ಫಿಫಾ ನಿಯಮಾವಳಿ ಹೇಳೋದೇ ಬೇರೆ: ದೇಶದ ಲೀಗಿನಲ್ಲಿ ಯಾರಿಗೆ ಜಾಗ ಅನ್ನೋದು ಮುಖ್ಯವಾಗಿ ಆಟದ ಫಲಿತಾಂಶದ ಮೇಲೆ ನಿಂತಿರಬೇಕು. 2019ರ ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಒಂದು ಮಾರ್ಗಸೂಚಿ ಒಪ್ಪಿಕೊಂಡರು. 2022-23ರಿಂದ ಐ-ಲೀಗ್ ಚಾಂಪಿಯನ್‌ಗೆ ಐಎಸ್‌ಎಲ್‌ಗೆ ಬಡ್ತಿ, 2024-25ರಿಂದ ಬಡ್ತಿ ಮತ್ತು ಹಿಂಬಡ್ತಿ ಎರಡೂ. ಬಡ್ತಿ ಬಂತು: ಪಂಜಾಬ್ ಎಫ್‌ಸಿ, ಆಮೇಲೆ ಮೊಹಮ್ಮದನ್ ಸ್ಪೋರ್ಟಿಂಗ್, 2025ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ತೀರ್ಪಿನ ಮೇಲೆ ಇಂಟರ್ ಕಾಶಿ. ಹಿಂಬಡ್ತಿ ಮಾತ್ರ ಬರಲಿಲ್ಲ. 2024-25ರಲ್ಲಿ ಕೊನೆಯ ಸ್ಥಾನ ಪಡೆದ ತಂಡ ಅಲ್ಲೇ ಉಳಿಯಿತು.

ಐಎಸ್‌ಎಲ್‌ನ ಕೆಳಗೆ ಮಾತ್ರ ಬಡ್ತಿ, ಹಿಂಬಡ್ತಿ ಎರಡೂ ನಡೆದಿವೆ. ನಮ್ಮದೇ ಉದಾಹರಣೆ ಇದೆ. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು. ಮರುವರ್ಷ ಡೆಲ್ಲಿ ಎಫ್‌ಸಿ ಜೊತೆ ಕೆಳಗಿಳಿಯಿತು. ಅದರ ಮೇಲಿನ ಮಹಡಿಯಲ್ಲಿ ಇದ್ದವರಿಗೆ ಈ ಭಯವೇ ಇಲ್ಲ.

ಬೀಗ ಹಾಕಿದ ಮನೆ ಭದ್ರವಾಗಿತ್ತಾ? ಅದೂ ಇಲ್ಲ. ಆ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸದು ಆಗದೇ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ದೇಶದ ಅತಿ ವೃತ್ತಿಪರ ಕ್ಲಬ್ ಅನ್ನಿಸಿಕೊಂಡದ್ದರ ಸ್ಥಿತಿ ಇದು. ಕಾರ್ಖಾನೆ ತಂಡದ ಹುಡುಗನಿಗೆ ಐವತ್ತೆಂಟರ ತನಕ ಇದ್ದ ಭರವಸೆಯನ್ನು ಇದರ ಪಕ್ಕ ಇಟ್ಟು ನೋಡಿ.

ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 19ರಂದು ಒಕ್ಕೂಟದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಕರಡು ಸಿದ್ಧಪಡಿಸಿದವರು ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್. ಅದರ ಪ್ರಕಾರ ದೇಶದ ಅತ್ಯುನ್ನತ ಲೀಗ್ ಒಕ್ಕೂಟದ್ದೇ ಆಗಿರಬೇಕು, ಬಡ್ತಿ-ಹಿಂಬಡ್ತಿ ಇರಲೇಬೇಕು. ಕಾಗದದ ಮೇಲೆ ಬೀಗ ಮುರಿದಿದೆ. ಮೈದಾನದಲ್ಲಿ ಮುರಿಯುತ್ತಾ ಅನ್ನೋದನ್ನು ಕಾದು ನೋಡೋದಲ್ಲ, ಕೇಳ್ತಾ ಇರಬೇಕು.

ಇಂಗ್ಲೆಂಡ್ ಸ್ವರ್ಗವೇನಲ್ಲ

ಏಣಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಲಂಡನ್ನಿನ ವಿಂಬಲ್ಡನ್ ಕ್ಲಬ್ 1977ರ ತನಕ ಲೀಗಿನ ಹೊರಗಿತ್ತು. ಹನ್ನೊಂದೇ ವರ್ಷದಲ್ಲಿ, 1988ರಲ್ಲಿ, ಲಿವರ್‌ಪೂಲನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಆದರೆ 2002ರಲ್ಲಿ ಮಾಲೀಕರು ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಅನ್ನೋ ಬೇರೆ ಊರಿಗೆ ಸಾಗಿಸೋಕೆ ಅನುಮತಿ ಪಡೆದರು. ಅಭಿಮಾನಿಗಳು ಏನ್ ಮಾಡಿದ್ರು ಗೊತ್ತಾ? ಸಾರ್ವಜನಿಕ ಮೈದಾನದಲ್ಲಿ ಆಯ್ಕೆ ಟ್ರಯಲ್ಸ್ ಇಟ್ಟು, ಎಎಫ್‌ಸಿ ವಿಂಬಲ್ಡನ್ ಅಂತ ಹೊಸ ಕ್ಲಬ್ ಕಟ್ಟಿ, ಒಂಬತ್ತನೇ ದರ್ಜೆಯಿಂದ ಶುರು ಮಾಡಿದರು. 2011ಕ್ಕೆ ಫುಟ್‌ಬಾಲ್ ಲೀಗ್ ಒಳಗಿದ್ದರು.

ಇನ್ನೊಂದು ಕಡೆ, 1885ರಲ್ಲಿ ಹುಟ್ಟಿದ ಬರಿ ಕ್ಲಬ್ಬನ್ನು ಹಣಕಾಸು ಗೊಂದಲದಿಂದ 2019ರಲ್ಲಿ ಲೀಗಿನಿಂದ ಹೊರಹಾಕಿದರು. 2021ರ ಏಪ್ರಿಲ್‌ನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್‌ಗಳು ತಮಗೆ ಖಾಯಂ ಸೀಟು ಇರೋ ಸೂಪರ್ ಲೀಗ್ ಘೋಷಿಸಿದವು. ಅಭಿಮಾನಿಗಳು ಬೀದಿಗಿಳಿದರು, ಎರಡು ಮೂರು ದಿನದಲ್ಲಿ ಇಂಗ್ಲಿಷ್ ಕ್ಲಬ್‌ಗಳೆಲ್ಲ ಹಿಂದೆ ಸರಿದವು. 2025ರಲ್ಲಿ ಬ್ರಿಟನ್ ಫುಟ್‌ಬಾಲ್‌ಗೆಂದೇ ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ಕಾನೂನು ಮಾಡಿತು. ಜರ್ಮನಿಯಲ್ಲಿ 1998ರಿಂದ ‘50+1’ ನಿಯಮ ಇದೆ: ಹೂಡಿಕೆದಾರ ಎಷ್ಟೇ ಹಣ ಹಾಕಿದರೂ ಮತದಾನದ ಬಹುಮತ ಕ್ಲಬ್ ಸದಸ್ಯರ ಕೈಲಿ.

ನಾವು ಆ ಲೀಗ್‌ಗಳ ಜೆರ್ಸಿ ಹಾಕ್ತೀವಿ, ಅಲ್ಲಿನ ವರ್ಗಾವಣೆ ಸುದ್ದಿಗೆ ರಾತ್ರಿ ನಿದ್ದೆಗೆಡ್ತೀವಿ. ಆ ಜನ ಲೀಗನ್ನು ತಮ್ಮದು ಅಂತ ಹಿಡಿದು ಜಗ್ಗಿದ್ದನ್ನು ಮಾತ್ರ ಆಮದು ಮಾಡಿಕೊಳ್ಳಲಿಲ್ಲ.

ಕತ್ರಿಗುಪ್ಪೆಗೆ ವಾಪಸ್: ಜಾಗ ಎಲ್ಲಿ?

ಕೆಲಸ, ನಿಯಮ ಎರಡೂ ಆಯ್ತು. ಮೂರನೇ ಇನ್‌ಪುಟ್ ಜಾಗ.

ನಮ್ಮ ದಕ್ಷಿಣ ಬೆಂಗಳೂರು ಮೊದಲಿಂದಲೂ ಕ್ರಿಕೆಟ್ ಸೀಮೆ. ಬಸವನಗುಡಿ ನ್ಯಾಷನಲ್ ಕಾಲೇಜು ಮೈದಾನ, ಜಯನಗರದ ಶಾಲಿನಿ ಮೈದಾನ – ಇಲ್ಲಿ ಬೆಳೆದವರಿಗೆ ನೆನಪಿರೋದು ಬ್ಯಾಟ್-ಬಾಲೇ. ದಂಡಿನ ಆಟ ಪೇಟೆ ದಾಟಿ ಈ ಕಡೆ ಬಂದದ್ದು ನಿಧಾನ. ಬಂದಾಗ ಟಿವಿಯಲ್ಲಿ ಬಂತು, ಆಮೇಲೆ ಟರ್ಫ್‌ನಲ್ಲಿ. ಅಂದರೆ ಇಲ್ಲಿನ ಹುಡುಗರಿಗೆ ಫುಟ್‌ಬಾಲ್ ಅಂದ್ರೆ ಮೊದಲಿಂದಲೂ ದುಡ್ಡು ಕೊಟ್ಟು ಆಡೋ ಆಟ. ಟರ್ಫ್‌ನಲ್ಲಿ ಐದೈದು ಜನ ಆಡಬಹುದು, ಹನ್ನೊಂದು ಜನರ ಪೂರ್ಣ ಆಟಕ್ಕೆ ಅಲ್ಲಿ ಜಾಗ ಇಲ್ಲ. ಗಂಟೆ ಬಾಡಿಗೆ ಕೊಡಲಾಗದವನಿಗೆ ಅದೂ ಇಲ್ಲ.

ಒಮ್ಮೆ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಎಂ.ಜಿ. ರೋಡಲ್ಲಿ ಇಳಿದು, ಗರುಡಾ ಮಾಲ್ ಹತ್ತಿರದ ಅಶೋಕನಗರ ಫುಟ್‌ಬಾಲ್ ಸ್ಟೇಡಿಯಂಗೆ ಹೋದೆ. ವಾರದ ನಡುವೆ, ಮಧ್ಯಾಹ್ನ, ಸುಡು ಬಿಸಿಲು. ಕೆಳ ಡಿವಿಷನ್ ಮ್ಯಾಚ್. ಸ್ಟ್ಯಾಂಡಲ್ಲಿ ಬೆರಳೆಣಿಕೆಯ ಜನ. ಆಟಗಾರರ ಅಣ್ಣ ತಮ್ಮಂದಿರು, ಒಂದಿಬ್ಬರು ಹಳಬರು. ಪಕ್ಕ ಕೂತಿದ್ದ ಹಿರಿಯರೊಬ್ಬರು ಬಿಟ್ಟೂ ಬಿಡದೆ ಲೆಫ್ಟ್ ಬ್ಯಾಕ್‌ಗೆ ಬೈಯುತ್ತಿದ್ದರು. ‘ನಿಮ್ಮ ಹುಡುಗನಾ ಅಂಕಲ್?’ ಅಂದೆ. ‘ಇಲ್ಲಪ್ಪ. ನಾನೂ ಲೆಫ್ಟ್ ಬ್ಯಾಕೇ ಆಡ್ತಿದ್ದೆ, ಫ್ಯಾಕ್ಟರಿ ಟೀಮಲ್ಲಿ’ ಅಂದರು. ಹಾಫ್‌ಟೈಮಲ್ಲಿ ಆ ಹುಡುಗ ಏನು ಕೆಲಸ ಮಾಡ್ತಾನೆ ಅಂತ ಕೇಳಿದೆ. ‘ಡೆಲಿವರಿ. ಆಟ ಮುಗಿಸ್ಕೊಂಡು ಸಂಜೆ ಶಿಫ್ಟ್‌ಗೆ ಹೋಗ್ತಾನೆ. ನಾವು ಅಟೆಂಡೆನ್ಸ್ ಹಾಕಿ ಬರ್ತಿದ್ವಿ’ ಅಂದರು.

ಏಣಿ ಸವೆದಿದ್ದು ಎಲ್ಲಿ ಅಂತ ನನಗೆ ಅರ್ಥವಾಗಿದ್ದು ಅಲ್ಲಿ. ಹುಡುಗ ಅದೇ, ಆಟ ಅದೇ, ಕೆಳಗೆ ಹಿಡಿದಿದ್ದ ಕೈ ಮಾತ್ರ ಇಲ್ಲ.

ಹೀಗಿದ್ದೂ ಲೀಗ್ ಫಲ ಕೊಡ್ತಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ನಂತರ. ಆಡಿದವರು ಐಎಸ್‌ಎಲ್ ತಾರೆಯರಲ್ಲ, ರಾಜ್ಯದ ಲೀಗಿನ ಹುಡುಗರು. ಹೆಣ್ಣುಮಕ್ಕಳ ಕಡೆ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022-23ರ ಭಾರತೀಯ ಮಹಿಳಾ ಲೀಗಿನ ಫೈನಲ್ ತನಕ ಹೋಯಿತು. ಸೂಪರ್ ಡಿವಿಷನ್‌ನಲ್ಲಿ ಈಗ ಕಾರ್ಖಾನೆ ತಂಡಗಳ ಜಾಗಕ್ಕೆ ಅಕಾಡೆಮಿಗಳು, ಖಾಸಗಿ ಕ್ಲಬ್‌ಗಳು ಬಂದಿವೆ. ಇವುಗಳಲ್ಲಿ ಕೆಲವು ಚೆನ್ನಾಗಿ ನಡೀತಿವೆ. ಓಝೋನ್ ಎಫ್‌ಸಿ ಥರ ಕೆಲವು, ರಾಷ್ಟ್ರೀಯ ಲೀಗಿನ ಎರಡನೇ ಡಿವಿಷನ್ ತನಕ ಹೋಗಿ ಬಾಗಿಲು ಹಾಕಿಕೊಂಡಿವೆ. ಮಾಲೀಕನ ಉತ್ಸಾಹ ಇರೋ ತನಕ ಕ್ಲಬ್.

ಹಾಗಾದರೆ ನಾವೇನು ಕೇಳಬೇಕು?

ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿ ಹಲವು ವರ್ಷ ಇರುವವರು ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್. ಫುಟ್‌ಬಾಲ್ ಆಡಳಿತ ರಾಜಕೀಯದಿಂದ ದೂರ ಇದೆ ಅನ್ನೋ ಮಾತು ಯಾವ ರಾಜ್ಯದಲ್ಲೂ ನಿಜವಲ್ಲ. ಅದನ್ನೇ ಉಪಯೋಗಿಸಿಕೊಳ್ಳೋಣ, ಚುನಾಯಿತರನ್ನು ಪ್ರಶ್ನೆ ಕೇಳಬಹುದು.

ಒಂದು, ಜಾಗ. ಬೆಂಗಳೂರಿನ ಆಡಳಿತ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳಾಗಿದೆ. ಪ್ರತಿ ಪಾಲಿಕೆಯಲ್ಲಿ ಪೂರ್ಣ ಅಳತೆಯ ಎಷ್ಟು ಸಾರ್ವಜನಿಕ ಮೈದಾನಗಳಿವೆ, ಯಾವುದು ಯಾರಿಗೆ ಗುತ್ತಿಗೆ, ಎಷ್ಟು ಶುಲ್ಕ? ವಾರ್ಡ್ ಸಭೆಯಲ್ಲಿ ಕೇಳಬಹುದು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು.

ಎರಡು, ಕೆಲಸ. ಕ್ರೀಡಾ ಕೋಟಾ ಅಂದಾಗ ನಮ್ಮ ಕಣ್ಣಿಗೆ ಬರೋದು ಅಂತರರಾಷ್ಟ್ರೀಯ ಪದಕ ಗೆದ್ದವರು. ಸಿ ಡಿವಿಷನ್‌ನಿಂದ ಸೂಪರ್ ಡಿವಿಷನ್‌ಗೆ ಏರಿದ ಹುಡುಗ, ಹುಡುಗಿಗೂ ಅಲ್ಲಿ ಜಾಗ ಇದೆಯಾ? ನಗರದಲ್ಲಿ ಲಾಭ ಮಾಡುತ್ತಿರುವ ಟೆಕ್ ಕಂಪನಿಗಳು ಮ್ಯಾರಥಾನ್‌ಗೆ ಟೀ ಶರ್ಟ್ ಹಂಚುವುದರ ಜೊತೆ ಒಂದು ಲೀಗ್ ತಂಡಕ್ಕೆ ಹತ್ತು ಕೆಲಸ ಕೊಟ್ಟರೆ ಏನಾಗುತ್ತೆ?

ಮೂರು, ನಿಯಮ. ಹೊಸ ಸಂವಿಧಾನ ಹೇಳಿದ ಬಡ್ತಿ-ಹಿಂಬಡ್ತಿ ಯಾವ ಸೀಸನ್‌ನಿಂದ, ಯಾವ ಷರತ್ತಿನ ಮೇಲೆ? ಲೈಸೆನ್ಸ್ ಮಾನದಂಡ ಮುಟ್ಟಲು ಸಣ್ಣ ಕ್ಲಬ್‌ಗಳಿಗೆ ಏನು ನೆರವು? 2013ರ ಥರ ಮತ್ತೆ ಲಿಫ್ಟ್ ಹಾಕಿದರೆ ಈ ಸಲ ಹೆಸರಿಟ್ಟು ಕೇಳಬೇಕು.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೆ. ಬಿಡುವಿರೋ ಒಂದು ಮಧ್ಯಾಹ್ನ ಅಶೋಕನಗರಕ್ಕೆ ಹೋಗಿ ಕೂತುಕೊಳ್ಳಿ. ಯಾವುದೋ ಒಂದು ತಂಡ ಆರಿಸಿಕೊಳ್ಳಿ, ಹೆಸರು ಕಲಿಯಿರಿ, ಲೆಫ್ಟ್ ಬ್ಯಾಕ್‌ಗೆ ಬೈಯಿರಿ. ಆ ಹಿರಿಯರ ಪಕ್ಕ ಇನ್ನೂ ಬೇಕಾದಷ್ಟು ಸೀಟು ಖಾಲಿ ಇವೆ.